ಮೊದಲು ಬಾವುಟ, ಆಮೇಲೆ ಸ್ಟೀರಿಂಗ್

ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಐ–5 ಹೆದ್ದಾರಿ ಸೇರಿ ಉತ್ತರಕ್ಕೆ ಹೋದರೆ, ಒಟ್ಟು ಎರಡೂವರೆ ಗಂಟೆಯ ಹಾದಿಯಲ್ಲಿ ವಿಲೋಸ್ ಸಿಗುತ್ತದೆ. ಸ್ಯಾಕ್ರಮೆಂಟೊ ಕಣಿವೆಯ ಸಣ್ಣ ಊರು. ಸುತ್ತಮುತ್ತ ಭತ್ತದ ಗದ್ದೆ, ಬಾದಾಮಿ ತೋಟ, ಅಕ್ರೋಟು ತೋಟ. ಊರಿನಿಂದ 162ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹತ್ತು–ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಗದ್ದೆಗಳು ಮುಗಿದು ಒಣಹುಲ್ಲಿನ ಬೋಳುಗುಡ್ಡಗಳು ಶುರುವಾಗುತ್ತವೆ. ಆ ಗುಡ್ಡಗಳ ನಡುವೆ ಇದೆ ಥಂಡರ್‌ಹಿಲ್ ರೇಸ್‌ವೇ ಪಾರ್ಕ್.

ಟಿ.ವಿ.ಯಲ್ಲಿ ಫಾರ್ಮುಲಾ ಒನ್ ನೋಡಿ ಬೆಳೆದವರು ಇಲ್ಲಿ ಆ ವೈಭವವನ್ನು ಹುಡುಕಬಾರದು. ಸಾವಿರಾರು ಜನ ಕೂರುವ ಗ್ಯಾಲರಿಗಳಿಲ್ಲ, ಕ್ಯಾಮೆರಾಗಳ ದಂಡಿಲ್ಲ. ನೋಡಲು ಬಂದವರೆಂದರೆ ಓಡಿಸುವವರ ಮನೆಮಂದಿ, ಸ್ನೇಹಿತರು. ಇದು ಹವ್ಯಾಸಿಗಳ ಟ್ರ್ಯಾಕ್. ಅದರ ಒಡೆತನವೂ ಹವ್ಯಾಸಿಗಳದ್ದೇ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಅಂದರೆ ಎಸ್‌ಸಿಸಿಎ, ಅದರ ಸ್ಯಾನ್ ಫ್ರಾನ್ಸಿಸ್ಕೊ ಪ್ರಾದೇಶಿಕ ಶಾಖೆ ಈ ಜಾಗವನ್ನು ಕಟ್ಟಿ 1993ರಲ್ಲಿ ತೆರೆಯಿತು. ಮೊದಲು ಚಿಕ್ಕದಾಗಿದ್ದ ಟ್ರ್ಯಾಕ್ ಬೆಳೆದು ಮೂರು ಮೈಲಿಯಾಯಿತು. 2014ರಲ್ಲಿ ಪಕ್ಕದಲ್ಲೇ ಎರಡು ಮೈಲಿಯ ಇನ್ನೊಂದು ಟ್ರ್ಯಾಕ್ ಸೇರಿಕೊಂಡಿತು. ವಾರವೆಲ್ಲ ಆಫೀಸು, ಗ್ಯಾರೇಜು, ಆಸ್ಪತ್ರೆಗಳಲ್ಲಿ ದುಡಿಯುವವರು ಸೇರಿ ತಮ್ಮ ಆಟಕ್ಕೆಂದು ಕಟ್ಟಿಕೊಂಡ ಮೈದಾನವಿದು. ಕ್ಲಬ್ ರೇಸಿಂಗ್ ಎಂದರೇನು, ಅದಕ್ಕೆ ಹೊಸಬರು ಕಾಲಿಡುವುದು ಹೇಗೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ಊರ ಬೀದಿಯಿಂದ ಟ್ರ್ಯಾಕಿಗೆ

ಎಸ್‌ಸಿಸಿಎ ಹುಟ್ಟಿದ್ದು 1944ರಲ್ಲಿ, ಬಾಸ್ಟನ್‌ನಲ್ಲಿ. ಎರಡನೇ ಮಹಾಯುದ್ಧ ಮುಗಿಸಿ ಮರಳಿದ ಅಮೆರಿಕದ ಸೈನಿಕರು ಇಂಗ್ಲೆಂಡಿನಿಂದ ಎಂಜಿಯಂಥ ಪುಟ್ಟ ಸ್ಪೋರ್ಟ್ಸ್ ಕಾರುಗಳ ಹುಚ್ಚನ್ನೂ ಜೊತೆಗೆ ತಂದಿದ್ದರು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಊರಿನ ಬೀದಿಗಳಲ್ಲೇ ರೇಸ್ ನಡೆಯಿತು. ಪಶ್ಚಿಮ ಕರಾವಳಿಯಲ್ಲಿ 1950ರಿಂದ ಪೆಬಲ್ ಬೀಚ್‌ನ ಪೈನ್ ಮರಗಳ ನಡುವಿನ ರಸ್ತೆಯಲ್ಲಿ ಓಟ. ಅಲ್ಲಿ ಆ ವರ್ಷ ಜಾಗ್ವಾರ್‌ನಲ್ಲಿ ಗೆದ್ದ ಫಿಲ್ ಹಿಲ್ ಎಂಬ ಯುವಕ 1961ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಆ ಪಟ್ಟ ಗೆದ್ದ ಮೊದಲ ಅಮೆರಿಕನ್ ಅವರೇ.

ಆದರೆ ಬೀದಿಯ ರೇಸು ಜೀವಗಳನ್ನೂ ತೆಗೆದುಕೊಂಡಿತು. 1952ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ರಸ್ತೆ ಬದಿಯಿಂದ ರೇಸ್ ನೋಡುತ್ತಿದ್ದ ಏಳು ವರ್ಷದ ಬಾಲಕ ಕಾರಿಗೆ ಸಿಕ್ಕಿ ಸತ್ತ. 1956ರಲ್ಲಿ ಪೆಬಲ್ ಬೀಚ್‌ನಲ್ಲಿ ಅರ್ನಿ ಮ್ಯಾಕಫೀ ಅವರ ಫೆರಾರಿ ಮರಕ್ಕೆ ಬಡಿದು ಅವರು ತೀರಿಕೊಂಡರು. ಬೀದಿಯಲ್ಲಿ ಇನ್ನು ಸಾಧ್ಯವಿಲ್ಲ ಎಂದು ಮರುವರ್ಷವೇ ಮಾಂಟರೇ ಬಳಿ ಲಗುನಾ ಸೆಕಾ ಟ್ರ್ಯಾಕ್ ಕಟ್ಟಿದರು. ಇಂದು ಥಂಡರ್‌ಹಿಲ್‌ನಲ್ಲಿ ಕಾಣುವ ಎಷ್ಟೋ ನಿಯಮಗಳ ಹಿಂದೆ ಇಂಥ ಸಾವುಗಳಿವೆ. ಹೊಸಬರು ಇದನ್ನು ಮೊದಲೇ ತಿಳಿದಿರಬೇಕು. ಆಗ ನಿಯಮ ಕಿರಿಕಿರಿ ಅನಿಸುವುದಿಲ್ಲ.

ಬೆಳಗಿನ ಪ್ಯಾಡಕ್

ನಾನು ಹೋದದ್ದು ಹೊಸ ಚಾಲಕರ ತರಬೇತಿ ಇದ್ದ ವಾರಾಂತ್ಯ. ಗೇಟಿನಲ್ಲೇ ಅಪಾಯದ ಹೊಣೆ ಒಪ್ಪಿಕೊಳ್ಳುವ ಪತ್ರಕ್ಕೆ ಸಹಿ ಹಾಕಿಸಿ ಕೈಗೊಂದು ಪಟ್ಟಿ ಕಟ್ಟಿದರು. ಏಳು ಗಂಟೆಗೆಲ್ಲ ಪ್ಯಾಡಕ್ ತುಂಬಿತ್ತು. ಕಾರುಗಳನ್ನು ನಿಲ್ಲಿಸಿಕೊಂಡು ಸಿದ್ಧಮಾಡುವ ಬಯಲಿಗೆ ಇಲ್ಲಿ ಪ್ಯಾಡಕ್ ಎನ್ನುತ್ತಾರೆ. ಟ್ರೇಲರ್‌ಗಳಿಂದ ಕಾರು ಇಳಿಸುವವರು, ಟೈರಿನ ಗಾಳಿ ಅಳೆಯುವವರು, ಜಾಕ್ ಏರಿಸಿ ಬ್ರೇಕ್ ಪ್ಯಾಡ್ ಬದಲಿಸುವವರು, ಮಡಚುವ ಕುರ್ಚಿಯಲ್ಲಿ ಕೂತು ಮಕ್ಕಳಿಗೆ ತಿಂಡಿ ತಿನ್ನಿಸುವವರು.

ಬಂದ ಕಾರುಗಳಲ್ಲಿ ಹೆಚ್ಚಿನವು ಮಾಜ್ದಾ ಮಿಯಾಟ. 1989ರಲ್ಲಿ ಶಿಕಾಗೊ ಆಟೊ ಪ್ರದರ್ಶನದಲ್ಲಿ ಮೊದಲು ಕಂಡ ಎರಡು ಸೀಟಿನ, ಮೇಲ್ಚಾವಣಿ ತೆರೆಯುವ ಕಾರು. ಅದರ ಹಳೆಯ ಮಾದರಿಗಳಿಗೆಂದೇ ‘ಸ್ಪೆಕ್ ಮಿಯಾಟ’ ಎಂಬ ವರ್ಗವಿದೆ. ಅದರಲ್ಲಿ ಸಸ್ಪೆನ್ಷನ್ನೂ ಟೈರೂ ನಿಯಮ ಹೇಳಿದ್ದೇ ಇರಬೇಕು, ಎಂಜಿನ್‌ಗೆ ಮನಸ್ಸಿಗೆ ಬಂದಂತೆ ಕೈಹಾಕುವಂತಿಲ್ಲ. ಮೊದಲ ಮಾದರಿಯ 1.6 ಲೀಟರ್ ಎಂಜಿನ್‌ಗೆ ಸುಮಾರು 115 ಅಶ್ವಶಕ್ತಿ. ನಮ್ಮಲ್ಲಿ ದಿನವೂ ಆಫೀಸಿಗೆ ಹೋಗುವ ಪೆಟ್ರೋಲ್ ಸೆಡಾನ್‌ಗಿಂತ ಹೆಚ್ಚೇನಿಲ್ಲ. ಎಲ್ಲರ ಕಾರೂ ಒಂದೇ ಆದ್ದರಿಂದ ಮುಂದೆ ಬರಬೇಕಾದರೆ ಚೆನ್ನಾಗಿ ಓಡಿಸಬೇಕು. ಬೇರೆ ಉಪಾಯವಿಲ್ಲ. ಹೊಸಬರಿಗೆ ಇದಕ್ಕಿಂತ ಪ್ರಾಮಾಣಿಕ ಗುರು ಸಿಗುವುದಿಲ್ಲ.

ಇನ್ನೂ ಅಗ್ಗದ, ಇನ್ನೂ ಹಳೆಯ ದಾರಿ ಫಾರ್ಮುಲಾ ವೀ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್, ಮುಂದಿನ ಆ್ಯಕ್ಸಲ್ ಬಳಸಿ ಕಟ್ಟಿದ, ಒಬ್ಬರೇ ಕೂರುವ ರೇಸ್ ಕಾರು. ಎಸ್‌ಸಿಸಿಎ ಈ ವರ್ಗವನ್ನು ಒಪ್ಪಿಕೊಂಡದ್ದು 1963ರಲ್ಲಿ. ಮುಂದೆ ವಿಶ್ವ ಚಾಂಪಿಯನ್ ಆದ ನಿಕಿ ಲೌಡಾ ಕೂಡ ತಮ್ಮ ಆರಂಭದ ದಿನಗಳಲ್ಲಿ ಯುರೋಪಿನಲ್ಲಿ ಫಾರ್ಮುಲಾ ವೀ ಓಡಿಸಿದವರೇ.

ತರಬೇತಿಗೆ ಬಂದವರಲ್ಲಿ ಕಾಲೇಜು ಹುಡುಗರಿದ್ದರು, ತಲೆ ನರೆತವರಿದ್ದರು, ತಾಯಂದಿರಿದ್ದರು. ವಯಸ್ಸಾಯಿತು ಎನ್ನುವವರಿಗೆ ಈ ಕ್ಲಬ್ಬಿನಲ್ಲಿ ಎಲ್ಲರೂ ಹೇಳುವ ಹೆಸರು ಪಾಲ್ ನ್ಯೂಮನ್. ಆ ಹಾಲಿವುಡ್ ನಟ ರೇಸಿಗಿಳಿದದ್ದು 1972ರಲ್ಲಿ, ತಮ್ಮ 47ನೇ ವಯಸ್ಸಿನಲ್ಲಿ. ಆಮೇಲೆ ಎಸ್‌ಸಿಸಿಎ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಾಲ್ಕು ಸಲ ಗೆದ್ದರು. 1979ರ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಅವರ ತಂಡ ಎರಡನೇ ಸ್ಥಾನ ಪಡೆಯಿತು.

ಹೆಲ್ಮೆಟ್ಟಿನೊಳಗಿನ ಚೀಟಿ

ಟ್ರ್ಯಾಕಿಗಿಳಿಯುವ ಮುನ್ನ ತಾಂತ್ರಿಕ ತಪಾಸಣೆ. ಇಲ್ಲಿಯವರ ಬಾಯಲ್ಲಿ ಬರೀ ‘ಟೆಕ್’. ಅರವತ್ತು ದಾಟಿದ ಇನ್‌ಸ್ಪೆಕ್ಟರ್ ಒಬ್ಬರು ಕಾರಿನೊಳಗೆ ಅರ್ಧ ದೇಹ ತೂರಿಸಿ ರೋಲ್ ಕೇಜಿನ, ಅಂದರೆ ಕಾರು ಮಗುಚಿದರೆ ಚಾಲಕರನ್ನು ಕಾಯುವ ಲೋಹದ ಪಂಜರದ, ಬೆಸುಗೆಗಳನ್ನು ಒಂದೊಂದಾಗಿ ಬೆರಳಾಡಿಸಿ ನೋಡಿದರು. ಸೀಟನ್ನು ಹಿಡಿದು ಅಲ್ಲಾಡಿಸಿದರು. ಬೆಲ್ಟಿನ ಮೇಲೆ ಹೊಲಿದ ಚೀಟಿಯಲ್ಲಿ ಅವಧಿ ಮುಗಿಯುವ ದಿನಾಂಕ ಓದಿದರು. ಕಿಟಕಿಯ ಬಲೆ, ಬೆಂಕಿ ಆರಿಸುವ ವ್ಯವಸ್ಥೆ, ಹೊರಗಿನಿಂದಲೇ ಕರೆಂಟ್ ಕಡಿಯುವ ಸ್ವಿಚ್, ಎಳೆಯುವ ಕೊಕ್ಕೆ ಎಲ್ಲವೂ ಆಯಿತು. ಕಾರಿಗೊಂದು ಲಾಗ್‌ಬುಕ್ ಇರುತ್ತದೆ. ಎಲ್ಲಿ ಓಡಿತು, ಎಲ್ಲಿ ಗುದ್ದಿತು, ಏನು ರಿಪೇರಿಯಾಯಿತು ಎಲ್ಲವೂ ಅದರಲ್ಲಿ ದಾಖಲು. ಕಾರು ಮಾರಿದರೆ ಆ ಪುಸ್ತಕವೂ ಕಾರಿನ ಜೊತೆಗೇ ಹೋಗುತ್ತದೆ.

ಕೊನೆಗೆ ಹೆಲ್ಮೆಟ್. ಅದನ್ನು ಬೋರಲು ಹಿಡಿದು ಒಳಗಿನ ಮೆತ್ತೆ ಸರಿಸಿ, ಅಂಗೈಯಷ್ಟೂ ಇಲ್ಲದ ಒಂದು ಚೀಟಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿದರು. ಸ್ನೆಲ್ ಸಂಸ್ಥೆಯ ಮುದ್ರೆ, ‘ಎಸ್‌ಎ2020’ ಎಂಬ ಗುರುತು. ‘ಎಂ’ ಅಕ್ಷರದ ಬೈಕ್ ಹೆಲ್ಮೆಟ್ ಇಲ್ಲಿ ನಡೆಯುವುದಿಲ್ಲ. ಕಾರಿನ ಹೆಲ್ಮೆಟ್ಟಿಗೆ ಬೆಂಕಿ ತಾಗದಿರುವ ಪರೀಕ್ಷೆ, ರೋಲ್ ಕೇಜಿನ ಕಬ್ಬಿಣಕ್ಕೆ ತಲೆ ಬಡಿದರೆ ತಡೆಯುವ ಪರೀಕ್ಷೆ ಬೇರೆಯೇ ಇವೆ.

ಆ ಚೀಟಿಯ ಕಥೆ ಈ ಸೀಮೆಯದೇ. ವಿಲಿಯಂ ‘ಪೀಟ್’ ಸ್ನೆಲ್ ಎಂಬ ಹವ್ಯಾಸಿ ಚಾಲಕ 1956ರಲ್ಲಿ ರೇಸಿನಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಹೆಲ್ಮೆಟ್ ಹಾಕಿದ್ದರು, ಅದು ಕಾಪಾಡಲಿಲ್ಲ. ಅವರ ಸ್ನೇಹಿತರು ಮತ್ತು ಡಾ. ಜಾರ್ಜ್ ಸ್ನೈವ್ಲಿ ಸೇರಿ 1957ರಲ್ಲಿ ಸ್ನೆಲ್ ಸ್ಮಾರಕ ಪ್ರತಿಷ್ಠಾನ ಕಟ್ಟಿ, ಹೆಲ್ಮೆಟ್ಟುಗಳನ್ನು ಒಡೆದು ನೋಡಿ ಗುಣಮಟ್ಟ ನಿಗದಿ ಮಾಡಲು ಹೊರಟರು. ಇಂದು ಜಗತ್ತಿನಾದ್ಯಂತ ಒಳ್ಳೆಯ ಹೆಲ್ಮೆಟ್ಟುಗಳ ಮೇಲೆ ಆ ಹೆಸರಿದೆ.

ಕುತ್ತಿಗೆ ಕಾಯುವ ‘ಹ್ಯಾನ್ಸ್’ ಸಾಧನದ ಕಥೆಯೂ ಇಂಥದ್ದೇ. 1981ರಲ್ಲಿ ಓಹಾಯೊದ ಟ್ರ್ಯಾಕೊಂದರಲ್ಲಿ ಪ್ಯಾಟ್ರಿಕ್ ಜಾಕ್ಮಾರ್ ಎಂಬ ಚಾಲಕ ಡಿಕ್ಕಿಯಲ್ಲಿ ಸತ್ತರು. ದೇಹವನ್ನು ಬೆಲ್ಟ್ ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ತಲೆಬುರುಡೆಯ ಬುಡ ಮುರಿಯುತ್ತದೆ. ಅವರ ಗೆಳೆಯ, ಸ್ಪೋರ್ಟ್ಸ್ ಕಾರ್ ಚಾಲಕ ಜಿಮ್ ಡೌನಿಂಗ್ ತಮ್ಮ ಸಂಬಂಧಿ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬರ್ಡ್ ಅವರ ಮುಂದೆ ಈ ಸಮಸ್ಯೆ ಇಟ್ಟರು. ಹೆಗಲ ಮೇಲೆ ಕೂತು, ಹೆಲ್ಮೆಟ್ಟನ್ನು ಎರಡು ಪಟ್ಟಿಗಳಿಂದ ಹಿಡಿದಿಡುವ ಸಾಧನವನ್ನು ಹಬರ್ಡ್ ರೂಪಿಸಿದರು. ಇಂಥ ಸಾಧನವಿಲ್ಲದೆ ಇಂದು ಎಸ್‌ಸಿಸಿಎ ರೇಸಿಗೆ ಬಿಡುವುದಿಲ್ಲ. ಫಾರ್ಮುಲಾ ಒನ್‌ನಲ್ಲೂ ಅದು ಕಡ್ಡಾಯ. ಕಾರಿಗೆ ಹಣ ಕೂಡಿಸುವ ಮೊದಲು ಹೆಲ್ಮೆಟ್ ಮತ್ತು ಹ್ಯಾನ್ಸ್‌ಗೆ ಕೂಡಿಸಿ ಎನ್ನುವುದು ಇಲ್ಲಿನ ಹಿರಿಯರೆಲ್ಲರ ಒಮ್ಮತದ ಮಾತು.

ತರಗತಿಯ ಪಾಠ

ಒಂಬತ್ತಕ್ಕೆ ಮೊದಲೇ ತರಗತಿ. ಮೊದಲ ಪಾಠ ವೇಗದ್ದಲ್ಲ, ಬಾವುಟದ್ದು. ನಿಂತ ಹಳದಿ: ಅಪಾಯವಿದೆ, ನಿಧಾನಿಸು, ಯಾರನ್ನೂ ಹಿಂದಿಕ್ಕಬೇಡ. ಬೀಸುವ ಹಳದಿ: ಅಪಾಯ ಟ್ರ್ಯಾಕಿನ ಮೇಲೇ ಇದೆ, ನಿಲ್ಲಿಸಲೂ ಸಿದ್ಧನಿರು. ನೀಲಿ ಬಟ್ಟೆಗೆ ಓರೆಯಾಗಿ ಹಳದಿ ಪಟ್ಟಿ: ಹಿಂದೆ ನಿನಗಿಂತ ವೇಗದ ಕಾರಿದೆ. ಹಳದಿಯ ಮೇಲೆ ಕೆಂಪು ಪಟ್ಟಿಗಳು: ದಾರಿಯಲ್ಲಿ ಎಣ್ಣೆ ಚೆಲ್ಲಿದೆ, ಇಲ್ಲವೇ ತುಂಡುಗಳು ಬಿದ್ದಿವೆ. ಬಿಳಿ: ಆಂಬುಲೆನ್ಸೋ ನಿಧಾನದ ಗಾಡಿಯೋ ಮುಂದಿದೆ. ಕಪ್ಪು: ಒಳಗೆ ಬಾ. ಕಪ್ಪಿನ ನಡುವೆ ಕಿತ್ತಳೆ ಚುಕ್ಕೆ: ನಿನ್ನ ಕಾರಿನಲ್ಲೇ ಏನೋ ಕೆಟ್ಟಿದೆ. ಕೆಂಪು: ಎಲ್ಲರೂ ಬದಿಗೆ ಸರಿದು ನಿಲ್ಲಿ.

ಆಮೇಲೆ ತಿರುವಿನ ಪಾಠ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಹಾಗೆಯೇ. ಹಿಂಭಾಗ ಜಾರಿ ಕಾರು ಗಿರ್ರನೆ ತಿರುಗುತ್ತದೆ. ಆದ್ದರಿಂದ ಬ್ರೇಕೆಲ್ಲ ನೇರ ದಾರಿಯಲ್ಲೇ ಮುಗಿಯಬೇಕು. ತಿರುವಿನ ಹೊರ ಅಂಚಿನಿಂದ ಒಳಗೆ ಬಂದು, ಒಳ ಅಂಚನ್ನು ತುಸು ತಡವಾಗಿ ಮುಟ್ಟಿ, ಮತ್ತೆ ಹೊರಕ್ಕೆ ಹರಿಯಬೇಕು. ತಡವಾಗಿ ಮುಟ್ಟಿದರೆ ಹೊರಬರುವಾಗ ದಾರಿ ನೆಟ್ಟಗಿರುತ್ತದೆ, ಬೇಗ ಆಕ್ಸಿಲರೇಟರ್ ಒತ್ತಬಹುದು, ತಪ್ಪಿದರೂ ಜಾಗ ಉಳಿದಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಕಣ್ಣು ಬಾನೆಟ್ಟಿನ ಮೇಲಿರಬಾರದು. ಮುಂದಿನ ತಿರುವಿನ ಮೇಲಿರಬೇಕು. ಕಣ್ಣು ಹೋದ ಕಡೆ ಕೈ ಹೋಗುತ್ತದೆ.

ಪಕ್ಕಪಕ್ಕದಲ್ಲಿ ಓಡುವಾಗ ಇನ್ನೊಬ್ಬರಿಗೆ ಒಂದು ಕಾರಿನಷ್ಟು ಜಾಗ ಬಿಡಲೇಬೇಕು. ಡಿಕ್ಕಿಯಾದರೆ ರೇಸ್ ಮುಗಿದ ಮೇಲೆ ತೀರ್ಪು ಕೊಡುವ ಸ್ಟೀವರ್ಡ್‌ಗಳ ಮುಂದೆ ನಿಂತು ಉತ್ತರಿಸಬೇಕು. ಗೆದ್ದರೆ ಸಿಗುವುದು ಒಂದು ಫಲಕ, ಟ್ರೋಫಿ, ಚಪ್ಪಾಳೆ. ಸೋಮವಾರ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋಗಬೇಕಾದವರೇ. ಹೀಗಾಗಿ ಈ ಶಿಷ್ಟಾಚಾರಕ್ಕೆ ಇಲ್ಲಿ ಕಾನೂನಿಗಿಂತ ಹೆಚ್ಚಿನ ಬೆಲೆ.

ಒಂಬತ್ತನೇ ತಿರುವಿನಲ್ಲಿ

ಮಧ್ಯಾಹ್ನದ ಮೇಲೆ ನಾನು ಹೊಸ ಸ್ವಯಂಸೇವಕರ ಜೊತೆ ಬಾವುಟದ ಠಾಣೆಗೆ ಹೋದೆ. ಕರೆದುಕೊಂಡು ಹೋದವರು ಹಾಸನ ಕಡೆಯ ಒಬ್ಬ ಎಂಜಿನಿಯರ್. ಸ್ಪೆಕ್ ಮಿಯಾಟ ಓಡಿಸುತ್ತಾರೆ, ಓಡಿಸದ ವಾರ ಬಾವುಟ ಹಿಡಿಯುತ್ತಾರೆ. ‘ಸರ್, ಕೆಂಪು, ಹಳದಿ ಬಟ್ಟೆ ಹಾಕ್ಕೊಂಡು ಬರಬೇಡಿ, ಓಡಿಸೋರು ಬಾವುಟ ಅಂದ್ಕೋತಾರೆ’ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದರು. ಠಾಣೆಯವರೆಲ್ಲ ಬಿಳಿ ತೊಟ್ಟಿದ್ದರು.

ಥಂಡರ್‌ಹಿಲ್‌ನ ಒಂಬತ್ತನೇ ತಿರುವು ದಿಬ್ಬ ಹತ್ತುತ್ತ ಎಡಕ್ಕೆ ಹೊರಳುತ್ತದೆ. ದಿಬ್ಬದ ಆಚೆ ಏನಿದೆ ಎಂದು ಓಡಿಸುವವರಿಗೆ ಕಾಣುವುದೇ ಇಲ್ಲ. ಅವರ ಕಣ್ಣು ಆ ಹೊತ್ತಿಗೆ ಇಲ್ಲಿ ನಿಂತವರೇ. ಠಾಣೆಯಲ್ಲಿ ಇಬ್ಬರು ಎದುರುಬದುರಾಗಿ ನಿಲ್ಲುತ್ತಾರೆ. ನೀಲಿ ಬಾವುಟದವರ ಮುಖ ಬರುವ ಕಾರುಗಳ ಕಡೆಗೆ. ಹಳದಿಯವರ ಮುಖ ಹೋಗುವ ಕಾರುಗಳ ಕಡೆಗೆ. ಒಬ್ಬರ ಬೆನ್ನ ಹಿಂದೆ ನಡೆಯುವುದನ್ನು ಇನ್ನೊಬ್ಬರು ನೋಡುತ್ತಿರುತ್ತಾರೆ. ಕಾರು ನೇರ ನುಗ್ಗಿದರೆ ಎದುರಿಗಿದ್ದವರು ಕೂಗಬೇಕು, ಕೂಗು ಕೇಳಿದವರು ತಿರುಗಿ ನೋಡದೆ ಓಡಬೇಕು. ಮೂರನೆಯವರ ಕಿವಿಗೆ ಹೆಡ್‌ಸೆಟ್. ಕಂಡದ್ದನ್ನೆಲ್ಲ ನಿಯಂತ್ರಣ ಕೊಠಡಿಗೆ ಹೇಳುವುದು ಅವರ ಕೆಲಸ.

ಕಾರು ಕಾಣುವ ಮೊದಲೇ ಸದ್ದು ಬರುತ್ತದೆ. ದಿಬ್ಬದ ಬುಡದಲ್ಲಿ ಕೆಲವರು ಆಕ್ಸಿಲರೇಟರ್ ಬಿಡುವುದು, ಕೆಲವರು ಬಿಡದೆ ಒತ್ತುವುದು ಕಿವಿಗೆ ತಿಳಿಯುತ್ತದೆ. ಒಂದು ಕಾರು ತುದಿಯಲ್ಲಿ ಹೊರಗಾಲಿ ಮಣ್ಣಿಗಿಳಿಸಿ ಧೂಳೆಬ್ಬಿಸಿ ಮರಳಿತು. ಹಳದಿ ಮೇಲೆದ್ದದ್ದೂ ಹಿಂದಿನ ಮೂರು ಕಾರು ನಿಧಾನಿಸಿದ್ದೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆ ಚಾಲಕರು ಗಾಬರಿಯಲ್ಲಿ ಸ್ಟೀರಿಂಗನ್ನು ಟ್ರ್ಯಾಕಿನ ಕಡೆ ಎಳೆಯಲಿಲ್ಲ. ನೇರ ಹಿಡಿದು, ವೇಗ ಇಳಿಸಿ, ಆಮೇಲೆ ಒಳಗೆ ಬಂದರು. ಬೆಳಗಿನ ತರಗತಿಯಲ್ಲಿ ಹೇಳಿದ್ದು ಅದನ್ನೇ.

‘ನಾನು ಮೊದಲ ವರ್ಷ ಕಾರೇ ತರಲಿಲ್ಲ ಸರ್, ಇಲ್ಲೇ ನಿಂತೆ’ ಎಂದರು ನಮ್ಮ ಹಾಸನದವರು. ‘ಯಾರು ಎಲ್ಲಿ ಬ್ರೇಕ್ ಹಾಕ್ತಾರೆ, ಯಾರು ಯಾಕೆ ಜಾರ್ತಾರೆ, ಎಲ್ಲ ಇಲ್ಲಿಂದ ಕಾಣುತ್ತೆ. ಕಾರಲ್ಲಿ ಕೂತ್ರೆ ನಮ್ಮ ತಪ್ಪು ಮಾತ್ರ ಕಾಣೋದು.’

ಆ ಮಾತು ನನಗೆ ಪೂರ್ತಿ ಒಪ್ಪಿಗೆ. ಇಲ್ಲಿ ಬಾವುಟ ಹಿಡಿಯುವವರು, ಟೆಕ್ ಮಾಡುವವರು, ಸಮಯ ಬರೆಯುವವರು, ಗ್ರಿಡ್‌ನಲ್ಲಿ ಕಾರುಗಳನ್ನು ರೇಸಿನ ಆರಂಭಕ್ಕೆ ಸಾಲು ನಿಲ್ಲಿಸುವವರು ಬಹುಪಾಲು ಸ್ವಯಂಸೇವಕರು. ಅವರು ಬಾರದಿದ್ದರೆ ಎಷ್ಟು ದುಬಾರಿ ಕಾರಿದ್ದರೂ ರೇಸ್ ಶುರುವಾಗುವುದಿಲ್ಲ. ಚಾಲಕರಿಗೂ ಅದು ಗೊತ್ತು. ರೇಸ್ ಮುಗಿಯಿತೆಂದು ಸಾರುವ ಚೆಕ್ಕರ್ಡ್ ಬಾವುಟ ಬಿದ್ದ ಮೇಲಿನ ನಿಧಾನದ ಸುತ್ತಿನಲ್ಲಿ ಪ್ರತಿ ಠಾಣೆಯವರೂ ಕೈಬೀಸುತ್ತಾರೆ. ಚಾಲಕರು ಕಿಟಕಿಯಿಂದ ಕೈ ಹೊರಹಾಕಿ ಪ್ರತಿ ಠಾಣೆಗೂ ವಂದಿಸುತ್ತ ಹೋಗುತ್ತಾರೆ.

ಶುರು ಮಾಡುವ ದಾರಿ

ಹೊಸಬರಿಗೆ ಇಲ್ಲಿ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಮೊದಲು ಕ್ಲಬ್ಬಿನ ಸದಸ್ಯತ್ವ, ಒಂದೆರಡು ವಾರಾಂತ್ಯ ಸ್ವಯಂಸೇವೆ. ಆಮೇಲೆ ಆಟೊಕ್ರಾಸ್: ದೊಡ್ಡ ಪಾರ್ಕಿಂಗ್ ಬಯಲಿನಲ್ಲಿ ಕೋನ್‌ಗಳನ್ನಿಟ್ಟು, ದಿನಬಳಕೆಯ ಕಾರಿನಲ್ಲೇ, ಒಬ್ಬೊಬ್ಬರಾಗಿ ಓಡಿಸುವ ಸ್ಪರ್ಧೆ. ವೇಗ ಹೆದ್ದಾರಿಯದನ್ನು ಮೀರುವುದಿಲ್ಲ. ಒಂದು ಕೋನ್ ಬೀಳಿಸಿದರೆ ಎರಡು ಸೆಕೆಂಡ್ ದಂಡ. ಅಲ್ಲೂ ತಮ್ಮ ಸರದಿ ಮುಗಿದವರು ಬಿದ್ದ ಕೋನ್ ಎತ್ತಿಡುವ ಕೆಲಸ ಮಾಡಲೇಬೇಕು.

ಮುಂದಿನ ಮೆಟ್ಟಿಲು ಟ್ರ್ಯಾಕ್ ಡೇ: ರೇಸಿಲ್ಲದೆ ಟ್ರ್ಯಾಕಿನ ಮೇಲೆ ಕಾರು ಓಡಿಸಿ ಕಲಿಯುವ ದಿನ. ಎಸ್‌ಸಿಸಿಎ 2015ರಿಂದ ‘ಟ್ರ್ಯಾಕ್ ನೈಟ್ ಇನ್ ಅಮೆರಿಕ’ ಎಂಬ ಸಂಜೆಯ ಕಾರ್ಯಕ್ರಮ ನಡೆಸುತ್ತಿದೆ. ಇಲ್ಲಿ ಗೆಲುವು ಸೋಲು ಇಲ್ಲ. ಹೊಸಬರ ಗುಂಪಿನಲ್ಲಿ ನೇರ ದಾರಿಯಲ್ಲಷ್ಟೇ, ಅದೂ ಮುಂದಿನವರು ಕೈಸನ್ನೆ ಮಾಡಿ ದಾರಿ ಬಿಟ್ಟ ಮೇಲಷ್ಟೇ ಹಿಂದಿಕ್ಕಬಹುದು. ಇದಾದ ಮೇಲೆ ವೈದ್ಯರ ಪ್ರಮಾಣಪತ್ರ, ಹೊಸಬರ ಪರವಾನಗಿ, ಚಾಲಕರ ಶಾಲೆ. ಶಾಲೆಯಲ್ಲಿ ಉತ್ತೀರ್ಣರಾಗಿ, ಅಧಿಕಾರಿಗಳ ಕಣ್ಗಾವಲಿನಲ್ಲಿ ಕೆಲವು ರೇಸ್ ಮುಗಿಸಿದರೆ ಪೂರ್ಣ ಲೈಸೆನ್ಸ್.

ಖರ್ಚಿನ ವಿಷಯ ಮುಚ್ಚಿಡಬಾರದು. ಇದು ಬಡವರ ಆಟವಲ್ಲ. ಕಾರಿನ ಬೆಲೆ ಮೊದಲ ಖರ್ಚು ಮಾತ್ರ. ಟೈರು, ಬ್ರೇಕ್ ಪ್ಯಾಡು, ಪ್ರವೇಶ ಶುಲ್ಕ, ಟ್ರೇಲರ್, ಪೆಟ್ರೋಲ್ ಎಂದು ಅದು ಮುಂದುವರಿಯುತ್ತಲೇ ಇರುತ್ತದೆ. ಟ್ರ್ಯಾಕಿನಲ್ಲಿ ಜಖಂಗೊಂಡ ಕಾರಿಗೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ. ಆದ್ದರಿಂದ ಎರಡು ಮಾತು. ಮೊದಲ ರೇಸುಗಳಿಗೆ ಕಾರನ್ನು ಬಾಡಿಗೆಗೆ ತೆಗೆದುಕೊಳ್ಳಿ. ಕೊಳ್ಳುವಾಗ, ಬೇರೊಬ್ಬರು ಕಟ್ಟಿ ಓಡಿಸಿದ, ಲಾಗ್‌ಬುಕ್ ಇರುವ ಕಾರನ್ನೇ ಕೊಳ್ಳಿ. ಬೀದಿ ಕಾರನ್ನು ಕೈಯಾರೆ ರೇಸ್ ಕಾರು ಮಾಡಹೊರಟವರಿಗೆ ಕೊನೆಗೆ ಅದಕ್ಕಿಂತ ಹೆಚ್ಚೇ ಬೀಳುತ್ತದೆ. ಜಖಂ ಆದರೆ ಬಿಟ್ಟು ನಡೆಯಲು ಆಗದಂಥ ಕಾರನ್ನು ಎಂದೂ ಟ್ರ್ಯಾಕಿಗೆ ತರಬೇಡಿ.

ನಮ್ಮ ಕಡೆಯವರಿಗೆ

ಇದನ್ನೆಲ್ಲ ಕ್ಯಾಲಿಫೋರ್ನಿಯಾಕ್ಕೆ ಹೋದವರ ಮಾತೆಂದು ಬಿಡಬೇಕಿಲ್ಲ. ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬದೂರು ದಾಟಿದರೆ ಇರುಂಗಾಟ್ಟುಕೋಟೈ. ಅಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದ 3.7 ಕಿಲೋಮೀಟರಿನ ಟ್ರ್ಯಾಕ್ 1990ರಿಂದ ಇದೆ. ಅದೂ ಕ್ಲಬ್ಬಿನ ಆಸ್ತಿಯೇ. ಅದಕ್ಕೂ ಮೊದಲು ಚೆನ್ನೈ ಬಳಿಯ ಶೋಳಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ ರೇಸ್ ನಡೆಯುತ್ತಿತ್ತು. ಕೊಯಮತ್ತೂರಿನಲ್ಲಿ ಕಾರಿ ಮೋಟಾರ್ ಸ್ಪೀಡ್‌ವೇ ಇದೆ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು, ಅಖಿಲ್ ರಬೀಂದ್ರ ಯುರೋಪಿನ ಟ್ರ್ಯಾಕುಗಳವರೆಗೆ ಹೋಗಿದ್ದಾರೆ. ದೇಶದಲ್ಲಿ ಸ್ಪರ್ಧಿಸಲು ಬೇಕಾದ ಲೈಸೆನ್ಸ್ ಕೊಡುವುದು ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ.

ವೇಗದ ಆಸೆ ತಪ್ಪಲ್ಲ; ಅದಕ್ಕೆ ಜಾಗ ತಪ್ಪಬಾರದು ಅಷ್ಟೇ. ಬೆಂಗಳೂರಿನ ಮೇಲ್ಸೇತುವೆಗಳಲ್ಲಿ, ವಿಮಾನ ನಿಲ್ದಾಣದ ರಸ್ತೆಯಲ್ಲಿ ರಾತ್ರಿ ಹೊತ್ತು ಪಂದ್ಯ ಕಟ್ಟುವ ಹುಡುಗರಿಗೆ ಬಾವುಟ ತೋರುವವರಿಲ್ಲ, ಬೆಲ್ಟಿನ ದಿನಾಂಕ ನೋಡುವವರಿಲ್ಲ, ಬಾಗಿಲಲ್ಲಿ ಆಂಬುಲೆನ್ಸ್ ಇಲ್ಲ. ಪೆಬಲ್ ಬೀಚಿನವರು 1956ರಲ್ಲಿ ಕಲಿತ ಪಾಠವನ್ನು ನಾವು ನಮ್ಮ ಮಕ್ಕಳ ಜೀವ ಕೊಟ್ಟು ಮತ್ತೆ ಕಲಿಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಕಾರಿನ ಹುಚ್ಚಿನ ಮಗನೋ ಮಗಳೋ ಇದ್ದರೆ ಬೈದು ಕೂರಿಸಬೇಡಿ. ಹತ್ತಿರದ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬನ್ನು ವಿಚಾರಿಸಿ, ಮುಂದಿನ ರೇಸಿಗೆ ಬಾವುಟ ಹಿಡಿಯುವ ಮಾರ್ಷಲ್ ಆಗಿ ಸೇರಿಸಿ. ಒಂದು ದಿನ ಬಿಸಿಲಲ್ಲಿ ಬಾವುಟ ಹಿಡಿದು ನಿಲ್ಲುವ ತಾಳ್ಮೆ ಇದ್ದವರೇ ನಾಳೆ ಸ್ಟೀರಿಂಗ್ ಹಿಡಿಯಲು ಅರ್ಹರು.